ಗಂಟಲಿಗೆ ನಳಿಕೆ ಇಳಿಸದೆ ಉಸಿರಿಗೆ ಆಸರೆ

ಅನ್ನವಿಲ್ಲದೆ ಮನುಷ್ಯನು ಕೆಲವು ವಾರಗಳ ಕಾಲ ಬದುಕಿಯಾನು, ನೀರಿಲ್ಲದೆ ಕೆಲವು ದಿನ ಉಳಿದಾನು. ಉಸಿರಿಲ್ಲದೆ ಕೆಲವು ನಿಮಿಷಗಳೂ ಕಷ್ಟ. ಈ ಸತ್ಯವನ್ನು ನಾವೆಲ್ಲ ಬಾಯಿಮಾತಿನಲ್ಲಿ ಬಲ್ಲೆವು. ಕಣ್ಣಾರೆ ಕಂಡದ್ದು ಕೋವಿಡ್ ಕಾಲದಲ್ಲಿ. ದೇಶದ ಮೊದಲ ಕೋವಿಡ್ ಸಾವು 2020ರ ಮಾರ್ಚ್ ತಿಂಗಳಲ್ಲಿ ನಮ್ಮ ಕಲಬುರಗಿಯಿಂದಲೇ ವರದಿಯಾಯಿತು. ಮುಂದಿನ ಎರಡು ವರ್ಷಗಳಲ್ಲಿ ಆಕ್ಸಿಜನ್, ಸ್ಯಾಚುರೇಶನ್, ವೆಂಟಿಲೇಟರ್ ಎಂಬ ಪದಗಳು ಹಳ್ಳಿಯ ಅರಳಿಕಟ್ಟೆಯ ಮೇಲೂ ಮನೆಮಾತಾದವು. ಪದಗಳು ಉಳಿದುಕೊಂಡವು, ಅವುಗಳ ಅರ್ಥ ಮಾತ್ರ ಬಹುಜನರಿಗೆ ಮಸುಕಾಗಿಯೇ ಉಳಿಯಿತು.

ಆ ಮಹಾಮಾರಿ ತಗ್ಗಿದ್ದರೂ ವೈರಾಣುಗಳಿಂದ ಬರುವ ನ್ಯುಮೋನಿಯಾ ನಮ್ಮನ್ನು ಬಿಟ್ಟುಹೋಗಿಲ್ಲ. 2009ರಲ್ಲಿ ಜಗತ್ತನ್ನು ಸುತ್ತಿದ ಎಚ್1ಎನ್1 ಜ್ವರವು ಈಗ ಋತುಮಾನದ ಫ್ಲೂ ಆಗಿ ನಮ್ಮ ನಡುವೆಯೇ ನೆಲೆಸಿದೆ. ಇಂತಹ ಜ್ವರಗಳು ಶ್ವಾಸಕೋಶಕ್ಕೆ ಇಳಿದಾಗ ಮನೆಯವರನ್ನು ಎರಡು ತಪ್ಪು ಕಲ್ಪನೆಗಳು ಕಾಡುವುದನ್ನು ನಾವು ಕಾಣುತ್ತೇವೆ. "ಮೊದಲು ಕಷಾಯ ಕುಡಿಸಿ, ಹಬೆ ಕೊಟ್ಟು ನಾಲ್ಕು ದಿನ ನೋಡೋಣ" ಎಂಬುದು ಒಂದು. "ಮಾಸ್ಕ್ ಹಾಕಿದರೆಂದರೆ ಮುಗಿದಂತೆ, ಮತ್ತೆ ಹೊರಗೆ ಬರುವುದಿಲ್ಲ" ಎಂಬುದು ಇನ್ನೊಂದು. ಮೊದಲನೆಯದು ರೋಗಿಯನ್ನು ತಡವಾಗಿ ಆಸ್ಪತ್ರೆಗೆ ತರುತ್ತದೆ. ಎರಡನೆಯದು ಆಸ್ಪತ್ರೆಯಲ್ಲಿ ದೊರೆಯುವ ನೆರವನ್ನು ನಿರಾಕರಿಸುವಂತೆ ಮಾಡುತ್ತದೆ. ಆದುದರಿಂದ ಗಂಟಲಿಗೆ ನಳಿಕೆ ಇಳಿಸದೆ ಉಸಿರಾಟಕ್ಕೆ ಕೊಡುವ ನೆರವಿನ ಬಗೆಗಳನ್ನು ಈ ತಿಂಗಳು ವಿವರಿಸಲು ಬಯಸುತ್ತೇವೆ.

ಶ್ವಾಸಕೋಶದೊಳಗೆ ನಡೆಯುವುದೇನು?

ನಮ್ಮ ಶ್ವಾಸಕೋಶಗಳಲ್ಲಿ ಸಾಸಿವೆಗಿಂತಲೂ ಚಿಕ್ಕದಾದ ಕೋಟ್ಯಂತರ ವಾಯುಕೋಶಗಳಿವೆ. ಪ್ರತಿಯೊಂದರ ಸುತ್ತಲೂ ನವಿರಾದ ರಕ್ತನಾಳಗಳ ಬಲೆಯಿದೆ. ಒಳಗೆ ಬಂದ ಗಾಳಿಯಲ್ಲಿ ನೂರಕ್ಕೆ 21 ಭಾಗದಷ್ಟಿರುವ ಆಮ್ಲಜನಕವು ಈ ತೆಳುಗೋಡೆಯನ್ನು ದಾಟಿ ರಕ್ತವನ್ನು ಸೇರುತ್ತದೆ. ರಕ್ತದಲ್ಲಿನ ಇಂಗಾಲದ ಡೈಆಕ್ಸೈಡ್ ಹೊರಬರುತ್ತದೆ. ವೈರಾಣು ಈ ಕೋಶಗಳಿಗೆ ಮುತ್ತಿಗೆ ಹಾಕಿದಾಗ ಗೋಡೆ ಊದಿಕೊಳ್ಳುತ್ತದೆ, ಒಳಗೆ ದ್ರವ ಜಿನುಗುತ್ತದೆ. ಒದ್ದೆಯಾದ ಪ್ಲಾಸ್ಟಿಕ್ ಚೀಲದ ಎರಡು ಬದಿಗಳು ಹೇಗೆ ಒಂದಕ್ಕೊಂದು ಅಂಟಿಕೊಳ್ಳುತ್ತವೆಯೋ ಹಾಗೆಯೇ ಅನೇಕ ವಾಯುಕೋಶಗಳು ಮುಚ್ಚಿಕೊಳ್ಳುತ್ತವೆ. ಆ ಭಾಗದಲ್ಲಿ ರಕ್ತ ಹರಿಯುತ್ತಿರುತ್ತದೆ, ಗಾಳಿ ಮಾತ್ರ ತಲುಪುವುದಿಲ್ಲ. ಹೀಗೆ ಆಮ್ಲಜನಕ ಸೇರದ ರಕ್ತವೇ ದೇಹಕ್ಕೆಲ್ಲ ಹರಡತೊಡಗುತ್ತದೆ. ಈ ಸ್ಥಿತಿಯ ತೀವ್ರರೂಪವನ್ನು ಅಮೆರಿಕದ ವೈದ್ಯರು 1967ರಲ್ಲಿ 12 ರೋಗಿಗಳ ವಿವರದೊಂದಿಗೆ ಮೊದಲು ಪ್ರತ್ಯೇಕವಾಗಿ ಗುರುತಿಸಿದರು.

ಮುಚ್ಚಿದ ಕೋಶವನ್ನು ಪ್ರತಿ ಉಸಿರಿಗೂ ಮತ್ತೆ ತೆರೆಯಬೇಕಾದಾಗ ದೇಹವು ಬಹಳ ಶ್ರಮಪಡುತ್ತದೆ. ಹೊಸ ಬಲೂನನ್ನು ಊದುವಾಗ ಮೊದಲ ಊದಿಗೆ ಎಷ್ಟು ಬಲ ಬೇಕೆಂಬುದು ನಮಗೆ ಗೊತ್ತು. ಒಮ್ಮೆ ಸ್ವಲ್ಪ ಉಬ್ಬಿದ ಮೇಲೆ ಊದುವುದು ಸುಲಭ. ರೋಗಿಯು ಆ ಮೊದಲ ಊದನ್ನೇ ನಿಮಿಷಕ್ಕೆ ಮೂವತ್ತು ಬಾರಿ ಊದುತ್ತಿರುತ್ತಾನೆ. ಅವನನ್ನು ಬಳಲಿಸುವುದು ಆಮ್ಲಜನಕದ ಕೊರತೆ ಮಾತ್ರವಲ್ಲ, ಈ ದುಡಿಮೆಯೂ ಹೌದು.

ಶಾಸ್ತ್ರವು ಏನನ್ನುತ್ತದೆ?

ಆಯುರ್ವೇದದ ವೈದ್ಯರಾಗಿ ಇಲ್ಲಿ ಒಂದು ಮಾತನ್ನು ಸ್ಪಷ್ಟಪಡಿಸುವುದು ನಮ್ಮ ಕರ್ತವ್ಯ. ಚರಕಸಂಹಿತೆಯ ಚಿಕಿತ್ಸಾಸ್ಥಾನದ 17ನೆಯ ಅಧ್ಯಾಯವು ಹಿಕ್ಕಾ ಮತ್ತು ಶ್ವಾಸ ರೋಗಗಳಿಗೆ ಮೀಸಲಾಗಿದೆ. ಅಲ್ಲಿ ಮಹಾಶ್ವಾಸ, ಊರ್ಧ್ವಶ್ವಾಸ, ಛಿನ್ನಶ್ವಾಸ, ತಮಕಶ್ವಾಸ, ಕ್ಷುದ್ರಶ್ವಾಸ ಎಂದು ಐದು ಬಗೆಗಳನ್ನು ಹೇಳಲಾಗಿದೆ. ಮಹಾಶ್ವಾಸದಲ್ಲಿ ಮಾತು ಮುರಿದುಬೀಳುವುದು, ಅರಿವು ಮಸುಕಾಗುವುದು, ದೂರದಿಂದಲೇ ಉಸಿರಿನ ಸದ್ದು ಕೇಳಿಸುವುದು ಲಕ್ಷಣಗಳು. ಮೊದಲ ಮೂರು ಬಗೆಗಳು ಪ್ರಾಣಹಾರಿಗಳೆಂದು ಆಚಾರ್ಯರು ಮುಚ್ಚುಮರೆಯಿಲ್ಲದೆ ತಿಳಿಸಿದ್ದಾರೆ. ತಮ್ಮ ಕಾಲದ ಔಷಧಿಯ ಮಿತಿಯನ್ನು ಗುರುತಿಸಿ ಹೇಳುವ ಪ್ರಾಮಾಣಿಕತೆ ಅವರಿಗಿತ್ತು. ಆ ಮಿತಿಯಿಂದಾಚೆಗೆ ರೋಗಿಯನ್ನು ಹಿಡಿದು ನಿಲ್ಲಿಸುವ ಉಪಕರಣಗಳು ಇಂದು ದೊರೆತಿರುವಾಗ, ಶಾಸ್ತ್ರದ ಹೆಸರಿನಲ್ಲಿ ಅವುಗಳಿಂದ ದೂರವಿರುವುದು ಶಾಸ್ತ್ರಕ್ಕೆ ಮಾಡುವ ಗೌರವವಲ್ಲ. ಶುಂಠಿ, ತುಳಸಿ, ಜ್ಯೇಷ್ಠಮಧುಗಳ ಕಷಾಯವು ಸಾಮಾನ್ಯ ನೆಗಡಿ ಕೆಮ್ಮುಗಳಲ್ಲಿ ಹಿತವೆನಿಸುತ್ತದೆ. ಮುಚ್ಚಿಹೋದ ವಾಯುಕೋಶವನ್ನು ಅದು ತೆರೆಯಲಾರದು.

ನೆರವಿನ ಮೆಟ್ಟಿಲುಗಳು

ಉಸಿರಾಟದ ನೆರವನ್ನು ಒಂದು ಏಣಿಯಂತೆ ಭಾವಿಸಬಹುದು. ಮೊದಲ ಮೆಟ್ಟಿಲು ಮೂಗಿನ ಎರಡು ಹೊಳ್ಳೆಗಳಿಗೆ ಸಣ್ಣ ಕವಲುಗಳನ್ನಿಟ್ಟು ನಿಮಿಷಕ್ಕೆ 1ರಿಂದ 6 ಲೀಟರ್ ಆಮ್ಲಜನಕ ಕೊಡುವುದು. ಎರಡನೆಯದು ಸಾದಾ ಮುಖವಾಡ. ಮೂರನೆಯದು ಚೀಲ ಜೋಡಿಸಿದ ಮುಖವಾಡ. ಇದರಲ್ಲಿ ನಿಮಿಷಕ್ಕೆ 10ರಿಂದ 15 ಲೀಟರ್ ಹರಿಸುತ್ತಾರೆ. ಇವು ಮೂರೂ ಒಳಹೋಗುವ ಗಾಳಿಯಲ್ಲಿ ಆಮ್ಲಜನಕದ ಪ್ರಮಾಣವನ್ನು ಹೆಚ್ಚಿಸುತ್ತವೆ, ಅಷ್ಟೇ. ಉಸಿರೆಳೆಯುವ ದುಡಿಮೆಯನ್ನೆಲ್ಲ ರೋಗಿಯೇ ಮಾಡಬೇಕು.

ನಾಲ್ಕನೆಯ ಮೆಟ್ಟಿಲು 'ಹೈ ಫ್ಲೋ' ಎಂದು ಕರೆಯಲಾಗುವ ವಿಧಾನ. ಇದರಲ್ಲಿ ಮೂಗಿನ ಅಗಲವಾದ ಕವಲುಗಳ ಮೂಲಕ ನಿಮಿಷಕ್ಕೆ 60 ಲೀಟರ್‌ವರೆಗೆ ಗಾಳಿಯನ್ನು ಹರಿಸಲಾಗುತ್ತದೆ. ಇಷ್ಟು ರಭಸದ ಒಣಗಾಳಿಯನ್ನು ಮೂಗು ಸಹಿಸದು. ಆದ್ದರಿಂದ ಅದನ್ನು ದೇಹದ ಉಷ್ಣತೆಗೆ, ಅಂದರೆ 37 ಡಿಗ್ರಿಯ ಆಸುಪಾಸಿಗೆ ಬಿಸಿ ಮಾಡಿ, ತೇವವನ್ನು ತುಂಬಿ ಕಳುಹಿಸುತ್ತಾರೆ. ಗಂಟಲಿನಲ್ಲಿ ನಿಂತ ಹಳೆಯ ಗಾಳಿ ತೊಳೆದುಹೋಗುತ್ತದೆ, ಕಫ ಗಟ್ಟಿಯಾಗುವುದಿಲ್ಲ, ಉಸಿರಿನ ದುಡಿಮೆ ಸ್ವಲ್ಪ ಹಗುರಾಗುತ್ತದೆ. ಬಾಯಿ ತೆರವಾಗಿರುವುದರಿಂದ ರೋಗಿಯು ಮಾತನಾಡಬಹುದು, ವೈದ್ಯರ ಒಪ್ಪಿಗೆಯಿದ್ದರೆ ಗಂಜಿ ಕುಡಿಯಬಹುದು.

ಆದರೆ ಈ ವಿಧಾನದ ಹಸಿವು ದೊಡ್ಡದು. ನಿಮಿಷಕ್ಕೆ 60 ಲೀಟರ್ ಶುದ್ಧ ಆಮ್ಲಜನಕ ಹರಿಸಿದರೆ ದಿನಕ್ಕೆ 86,400 ಲೀಟರ್ ಬೇಕು. ಒಂದು ಜಂಬೋ ಸಿಲಿಂಡರ್‌ನಲ್ಲಿ ಇರುವುದು ಸುಮಾರು 7,000 ಲೀಟರ್. ಅಂದರೆ ಒಬ್ಬನೇ ರೋಗಿಗೆ ದಿನಕ್ಕೆ ಹನ್ನೆರಡು ಸಿಲಿಂಡರ್! ಮೂಗಿನ ಕವಲಿನಲ್ಲಿ 5 ಲೀಟರ್ ಪಡೆಯುವವನಿಗೆ ಒಂದು ಸಿಲಿಂಡರ್ ಹೆಚ್ಚುಕಡಿಮೆ ಇಡೀ ದಿನ ಬರುತ್ತದೆ. 2021ರ ಏಪ್ರಿಲ್, ಮೇ ತಿಂಗಳುಗಳಲ್ಲಿ ದೇಶದ ಆಸ್ಪತ್ರೆಗಳು ಆಮ್ಲಜನಕಕ್ಕಾಗಿ ಏಕೆ ಹಾಹಾಕಾರ ಮಾಡಿದವು, ಮೇ 2ರ ರಾತ್ರಿ ನಮ್ಮ ಚಾಮರಾಜನಗರದಲ್ಲಿ ಅಂತಹ ದುರಂತ ಏಕೆ ಘಟಿಸಿತು ಎಂಬುದನ್ನು ಅರಿಯಲು ಈ ಲೆಕ್ಕ ನೆರವಾಗುತ್ತದೆ. ಮನೆಯಲ್ಲಿಡುವ ಆಕ್ಸಿಜನ್ ಕಾನ್ಸನ್‌ಟ್ರೇಟರ್ ಕೊಡುವುದು ಸಾಮಾನ್ಯವಾಗಿ ನಿಮಿಷಕ್ಕೆ 5 ಅಥವಾ 10 ಲೀಟರ್ ಮಾತ್ರ. ಅದು ಮೊದಲ ಮೆಟ್ಟಿಲುಗಳ ಸಾಧನ. ತೀವ್ರ ಕಾಯಿಲೆಯಲ್ಲಿ ಆಸ್ಪತ್ರೆಯ ಬದಲಿಯಾಗದು.

ಒತ್ತಡದ ಗಾಳಿ

ಐದನೆಯ ಮೆಟ್ಟಿಲು ಸಿ-ಪ್ಯಾಪ್. ಬಿಗಿಯಾಗಿ ಕೂರುವ ಮುಖವಾಡದ ಮೂಲಕ ಉಸಿರೆಳೆಯುವಾಗಲೂ ಬಿಡುವಾಗಲೂ ಒಂದೇ ಸಮನಾದ ಮೃದು ಒತ್ತಡವನ್ನು ಇದು ಕಾಯ್ದುಕೊಳ್ಳುತ್ತದೆ. ಸಾಮಾನ್ಯವಾಗಿ ಬಳಸುವ ಒತ್ತಡ 5ರಿಂದ 10 ಸೆಂಟಿಮೀಟರ್ ನೀರಿನಷ್ಟು. ಒಂದು ಎತ್ತರದ ಲೋಟದ ನೀರಿನಲ್ಲಿ ಹತ್ತು ಸೆಂಟಿಮೀಟರ್ ಆಳಕ್ಕೆ ಕೊಳವೆಯನ್ನಿಳಿಸಿ ಗುಳ್ಳೆ ಬರುವಂತೆ ಊದಿ ನೋಡಿದರೆ ಆ ಒತ್ತಡ ಎಷ್ಟೆಂಬುದು ಅರಿವಾಗುತ್ತದೆ. ಇಷ್ಟು ಅಲ್ಪ ಒತ್ತಡವೇ ವಾಯುಕೋಶಗಳು ಪೂರ್ತಿ ಮುಚ್ಚಿಕೊಳ್ಳದಂತೆ ತಡೆಯುತ್ತದೆ. ಬಲೂನನ್ನು ಸದಾ ಸ್ವಲ್ಪ ಉಬ್ಬಿಸಿಯೇ ಇಟ್ಟಂತೆ. ಬೈ-ಪ್ಯಾಪ್‌ನಲ್ಲಿ ಎರಡು ಒತ್ತಡಗಳಿರುತ್ತವೆ: ಎಳೆಯುವಾಗ ಹೆಚ್ಚು, ಬಿಡುವಾಗ ಕಡಿಮೆ. ಹೀಗಾಗಿ ಪ್ರತಿ ಉಸಿರಿಗೂ ಯಂತ್ರ ಕೈಜೋಡಿಸುತ್ತದೆ. ಹಳೆಯ ಧೂಮಪಾನಿಗಳಂತೆ ಇಂಗಾಲದ ಡೈಆಕ್ಸೈಡ್ ಒಳಗೇ ಉಳಿಯುವವರಿಗೆ ಇದು ವಿಶೇಷವಾಗಿ ಉಪಯುಕ್ತ. ಇಟಲಿಯಲ್ಲಿ ಹೆಚ್ಚು ಬಳಕೆಗೆ ಬಂದ ಇನ್ನೊಂದು ರೂಪವೆಂದರೆ ತಲೆಯನ್ನು ಪೂರ್ತಿ ಆವರಿಸುವ, ಕೊರಳಪಟ್ಟಿಯುಳ್ಳ ಪಾರದರ್ಶಕ ಹೆಲ್ಮೆಟ್.

ಇದು ಏಕಾಏಕಿ ಬಂದ ವಿದ್ಯೆಯಲ್ಲ. 1928ರಲ್ಲಿ ಬಾಸ್ಟನ್ನಿನಲ್ಲಿ ಫಿಲಿಪ್ ಡ್ರಿಂಕರ್ ಮತ್ತು ಸಂಗಡಿಗರು ಪೋಲಿಯೋ ರೋಗಿಗಳಿಗಾಗಿ 'ಕಬ್ಬಿಣದ ಶ್ವಾಸಕೋಶ'ವನ್ನು ಬಳಕೆಗೆ ತಂದರು. ಕೊರಳಿನವರೆಗೆ ದೇಹವನ್ನು ಲೋಹದ ಪೆಟ್ಟಿಗೆಯೊಳಗಿಟ್ಟು, ಒಳಗಿನ ಗಾಳಿಯನ್ನು ಹೀರಿ ಎದೆ ಹಿಗ್ಗುವಂತೆ ಮಾಡುವ ಯಂತ್ರವದು. ಗಂಟಲಿಗೆ ನಳಿಕೆಯಿಲ್ಲದೆಯೇ ಅದು ಎಷ್ಟೋ ಮಕ್ಕಳನ್ನು ಉಳಿಸಿತು. 1952ರಲ್ಲಿ ಕೋಪನ್‌ಹೇಗನ್ ನಗರದಲ್ಲಿ ಪೋಲಿಯೋ ಉಲ್ಬಣಿಸಿ ಪೆಟ್ಟಿಗೆಗಳು ಸಾಲದಾದಾಗ, ಬ್ಯೋರ್ನ್ ಇಬ್ಸೆನ್ ಎಂಬ ವೈದ್ಯರ ಸಲಹೆಯಂತೆ ಕೊರಳಿನಲ್ಲಿ ರಂಧ್ರ ಮಾಡಿ ನಳಿಕೆಯಿಟ್ಟು, ಸುಮಾರು 1,500 ವೈದ್ಯ ವಿದ್ಯಾರ್ಥಿಗಳು ಹಗಲಿರುಳು ಸರದಿಯ ಮೇಲೆ ಕೈಯಿಂದ ಗಾಳಿಚೀಲ ಒತ್ತಿ ರೋಗಿಗಳನ್ನು ಬದುಕಿಸಿದರು. ಇಂದಿನ ಐಸಿಯುಗಳ ಮೂಲ ಅಲ್ಲಿದೆ. 1971ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಜಾರ್ಜ್ ಗ್ರೆಗರಿ ಮತ್ತು ಸಂಗಡಿಗರು ನವಜಾತ ಶಿಶುಗಳಲ್ಲಿ ನಿರಂತರ ಒತ್ತಡದ ವಿಧಾನದ ಪ್ರಯೋಜನವನ್ನು ಪ್ರಕಟಿಸಿದರು. 1981ರಲ್ಲಿ ಸಿಡ್ನಿಯ ಕಾಲಿನ್ ಸುಲಿವನ್ ನಿದ್ರೆಯಲ್ಲಿ ಉಸಿರು ಕಟ್ಟುವವರಿಗಾಗಿ ಮೂಗಿನ ಮುಖವಾಡದ ಸಿ-ಪ್ಯಾಪ್ ಅನ್ನು ಬಳಸಿ ತೋರಿಸಿದರು.

ಅಧ್ಯಯನಗಳ ತೀರ್ಪು

ಇವು ವೈರಾಣುವಿನ ನ್ಯುಮೋನಿಯಾದಲ್ಲಿ ನಿಜಕ್ಕೂ ಫಲ ಕೊಡುತ್ತವೆಯೇ? ಬ್ರಿಟನ್ನಿನಲ್ಲಿ 1,273 ಕೋವಿಡ್ ರೋಗಿಗಳ ಮೇಲೆ ನಡೆದ ದೊಡ್ಡ ಅಧ್ಯಯನದ ಫಲಿತಾಂಶ 2022ರಲ್ಲಿ ಹೊರಬಂತು. ಸಾಮಾನ್ಯ ಆಮ್ಲಜನಕ ಪಡೆದವರಲ್ಲಿ ನೂರಕ್ಕೆ ಸುಮಾರು 44 ಮಂದಿಗೆ ಮೂವತ್ತು ದಿನಗಳೊಳಗೆ ನಳಿಕೆ ಹಾಕಬೇಕಾಯಿತು ಅಥವಾ ಸಾವು ಬಂತು. ಸಿ-ಪ್ಯಾಪ್ ಪಡೆದವರಲ್ಲಿ ಈ ಸಂಖ್ಯೆ 36. ಈ ಇಳಿಕೆ ಮುಖ್ಯವಾಗಿ ನಳಿಕೆಯ ಅಗತ್ಯದಲ್ಲಿ ಕಂಡದ್ದು. ಹೈ ಫ್ಲೋ ವಿಧಾನದಲ್ಲಿ ಅಂತಹ ಮೇಲುಗೈ ಕಾಣಲಿಲ್ಲ. ಇಟಲಿಯಲ್ಲಿ 109 ರೋಗಿಗಳ ಅಧ್ಯಯನದಲ್ಲಿ ಹೆಲ್ಮೆಟ್ ಧರಿಸಿದವರಲ್ಲಿ ನೂರಕ್ಕೆ 30 ಮಂದಿಗೆ, ಹೈ ಫ್ಲೋ ಪಡೆದವರಲ್ಲಿ 51 ಮಂದಿಗೆ ನಳಿಕೆ ಬೇಕಾಯಿತು. ಆದರೆ ಸೌದಿ ಅರೇಬಿಯಾದ ನೇತೃತ್ವದಲ್ಲಿ 320 ರೋಗಿಗಳ ಮೇಲೆ ನಡೆದ ಅಧ್ಯಯನದಲ್ಲಿ ಹೆಲ್ಮೆಟ್ಟಿನಿಂದ 28 ದಿನಗಳ ಸಾವಿನ ಪ್ರಮಾಣ ತಗ್ಗಲಿಲ್ಲ.

ಇದರ ಸಾರವಿಷ್ಟು: ಮುಖವಾಡವು ವೈರಾಣುವನ್ನು ಕೊಲ್ಲುವುದಿಲ್ಲ. ದೇಹವೂ ಔಷಧಿಯೂ ತಮ್ಮ ಕೆಲಸ ಮಾಡುವವರೆಗೆ ಅದು ಉಸಿರನ್ನು ಹಿಡಿದಿಡುತ್ತದೆ. ಅದು ಹೊಳೆ ದಾಟಿಸುವ ಹರಿಗೋಲು. ಅನೇಕರನ್ನು ದಡ ಸೇರಿಸುತ್ತದೆ, ಎಲ್ಲರನ್ನೂ ಅಲ್ಲ.

ಯಾವ ಯಂತ್ರವೂ ಬೇಡದ ಒಂದು ನೆರವೂ ಇದೆ: ಬೋರಲು ಮಲಗುವುದು. ಶ್ವಾಸಕೋಶದ ಹೆಚ್ಚಿನ ಭಾಗ ಬೆನ್ನಿನ ಕಡೆಗಿದೆ. ಅಂಗಾತ ಮಲಗಿದಾಗ ಅದು ಹೃದಯದ, ಹೊಟ್ಟೆಯ ಭಾರಕ್ಕೆ ಅದುಮಿಹೋಗುತ್ತದೆ. ಬೋರಲಾದಾಗ ಆ ಭಾಗ ತೆರೆದುಕೊಳ್ಳುತ್ತದೆ. ಹೈ ಫ್ಲೋ ಪಡೆಯುತ್ತಿದ್ದ, ಎಚ್ಚರವಿದ್ದ 1,100ಕ್ಕೂ ಹೆಚ್ಚು ಕೋವಿಡ್ ರೋಗಿಗಳ ಮೇಲೆ ಆರು ದೇಶಗಳಲ್ಲಿ ನಡೆದ ಅಧ್ಯಯನವು 2021ರಲ್ಲಿ ಇದರ ಪ್ರಯೋಜನವನ್ನು ತೋರಿಸಿತು. ಗರ್ಭಿಣಿಯರು, ಬೆನ್ನುಮೂಳೆಯ ತೊಂದರೆಯುಳ್ಳವರು ವೈದ್ಯರನ್ನು ಕೇಳದೆ ಇದನ್ನು ಮಾಡಬಾರದು.

ಅಂಕಿಯೊಂದನ್ನೇ ನಂಬಬಾರದು

ಬೆರಳಿಗೆ ಹಾಕುವ ಪಲ್ಸ್ ಆಕ್ಸಿಮೀಟರ್‌ನ ತತ್ತ್ವವನ್ನು 1970ರ ದಶಕದಲ್ಲಿ ಕಂಡುಹಿಡಿದವರು ಜಪಾನಿನ ತಕುವೊ ಅವೊಯಾಗಿ. ಅದು ಬಹಳ ಉಪಕಾರಿ ಸಾಧನ. ಆದರೆ ಅದರ ಒಂದೇ ಅಂಕಿಯನ್ನು ನೋಡಿ ಸಮಾಧಾನಪಡುವಂತಿಲ್ಲ. ಇಬ್ಬರು ರೋಗಿಗಳಲ್ಲೂ ಅದು 92 ಎಂದು ತೋರಿಸುತ್ತಿದೆ ಎನ್ನೋಣ. ಒಬ್ಬನು ನೂರಕ್ಕೆ 40 ಭಾಗ ಆಮ್ಲಜನಕದಲ್ಲಿ ನಿಮಿಷಕ್ಕೆ 24 ಬಾರಿ ಉಸಿರಾಡುತ್ತಿದ್ದಾನೆ. ಇನ್ನೊಬ್ಬನು 80 ಭಾಗ ಆಮ್ಲಜನಕದಲ್ಲಿ 36 ಬಾರಿ. ವೈದ್ಯರು 92ನ್ನು 0.40ರಿಂದ ಭಾಗಿಸಿ, ಬಂದುದನ್ನು ಮತ್ತೆ 24ರಿಂದ ಭಾಗಿಸುತ್ತಾರೆ: ಮೊದಲನೆಯವನಿಗೆ ಸುಮಾರು 9.6 ಬರುತ್ತದೆ. ಅದೇ ರೀತಿ ಎರಡನೆಯವನಿಗೆ 3.2. ಹೈ ಫ್ಲೋ ಆರಂಭಿಸಿದ ಕೆಲವು ಗಂಟೆಗಳ ಬಳಿಕ ಈ ಲೆಕ್ಕ 4.88ಕ್ಕಿಂತ ಮೇಲಿದ್ದರೆ ನೆರವು ಫಲಿಸುವ ಸಾಧ್ಯತೆ ಹೆಚ್ಚು. ಬೆರಳಿನ ಅಂಕಿ ಒಂದೇ ಆದರೂ ಎರಡನೆಯವನು ಅಂಚಿನಲ್ಲಿದ್ದಾನೆ.

ಅವನಂತಹವರಿಗೆ ಮುಖವಾಡದಲ್ಲಿಯೇ ದಿನ ದೂಡುವುದು ಅಪಾಯಕರ. ಬಲವಾದ ಎಳೆತದಿಂದ ಶ್ವಾಸಕೋಶಕ್ಕೆ ಮತ್ತಷ್ಟು ಗಾಯವಾಗುತ್ತದೆ. ಕೊನೆಗೆ ಬಳಲಿದ ಮೇಲೆ ನಳಿಕೆ ಇಳಿಸಿದರೆ ಫಲ ಕಡಿಮೆ. ಅರಿವು ತಪ್ಪಿದವರಿಗೆ, ಪದೇ ಪದೇ ವಾಂತಿಯಾಗುವವರಿಗೆ, ಕಫ ಉಗುಳಲಾಗದವರಿಗೆ, ಮುಖಕ್ಕೆ ಗಾಯವಾದವರಿಗೆ ಬಿಗಿ ಮುಖವಾಡ ಸಲ್ಲದು. ಇಂತಹ ಹೊತ್ತಿನಲ್ಲಿ ವೈದ್ಯರು ವೆಂಟಿಲೇಟರ್ ಬೇಕೆಂದರೆ ಅದನ್ನು ಸೋಲೆಂದು ತಿಳಿಯಬೇಕಾಗಿಲ್ಲ. ಏಣಿಯ ಮುಂದಿನ ಮೆಟ್ಟಿಲದು. ಮತ್ತೊಂದು ಕಡೆ, ಬಹಳ ವಯಸ್ಸಾಗಿ, ಗುಣವಾಗದ ಇತರ ಕಾಯಿಲೆಗಳಿಂದ ಜರ್ಜರಿತರಾದ ಹಿರಿಯರಿಗೆ ಮುಖವಾಡದವರೆಗಿನ ನೆರವೇ ಸಾಕೆಂದು ವೈದ್ಯರೂ ಮನೆಯವರೂ ಕೂಡಿ ನಿರ್ಧರಿಸುವುದುಂಟು. ಅದೂ ದಯೆಯ ದಾರಿಯೇ. ಆದರೆ ಆ ಮಾತನ್ನು ಹಿರಿಯರಿಗೆ ಅರಿವಿರುವಾಗಲೇ, ಅವರ ಇಚ್ಛೆಯನ್ನು ಕೇಳಿಯೇ ಆಡಬೇಕು. ನಡುರಾತ್ರಿ ಐಸಿಯುವಿನ ಬಾಗಿಲಲ್ಲಿ ಸಹಿ ಹಾಕುವ ಗಡಿಬಿಡಿಯಲ್ಲಿ ಅಲ್ಲ.

ಭಕ್ತರ ಮನೆಗಳಿಗೆ ಕೆಲವು ಸೂಚನೆಗಳು

ಮುಖವಾಡ ತೊಟ್ಟ ಮೊದಲ ಗಂಟೆ ಅತ್ಯಂತ ಕಠಿನ. ಉಸಿರು ಕಟ್ಟಿದಂತೆ ಭಾಸವಾಗಿ ರೋಗಿಯು ಕಿತ್ತೆಸೆಯಲು ನೋಡುತ್ತಾನೆ. ಕೈ ಹಿಡಿದು, "ಯಂತ್ರ ಕೊಟ್ಟಂತೆ ಉಸಿರು ತೆಗೆದುಕೊಳ್ಳಿ ಅಪ್ಪಾಜಿ" ಎಂದು ಮೆಲ್ಲಗೆ ಹೇಳುವವರೊಬ್ಬರು ಹತ್ತಿರವಿದ್ದರೆ ಬಹುಪಾಲು ಜನ ಹೊಂದಿಕೊಳ್ಳುತ್ತಾರೆ. ಸೋಂಕಿನ ಕಾರಣ ಒಳಗೆ ಬಿಡದಿದ್ದರೆ ದಾದಿಯರ ನೆರವಿನಿಂದ ಫೋನಿನಲ್ಲಿಯಾದರೂ ದನಿ ಕೇಳಿಸಬೇಕು.

ಕರುಣೆಯಿಂದ ಮುಖವಾಡ ಸರಿಸಿ ನೀರು, ತೀರ್ಥ, ಪ್ರಸಾದ ಬಾಯಿಗೆ ಹಾಕಬಾರದು. ಒತ್ತಡದ ಗಾಳಿಯು ಅದನ್ನು ಶ್ವಾಸನಾಳಕ್ಕೆ ತಳ್ಳಬಹುದು. ಯಾವಾಗ, ಎಷ್ಟು ಕೊಡಬೇಕೆಂದು ದಾದಿಯರನ್ನು ಕೇಳಿಯೇ, ಒರಗಿ ಕೂರಿಸಿಯೇ ಕೊಡಬೇಕು.

ಆಮ್ಲಜನಕವಿರುವ ಕೋಣೆಯಲ್ಲಿ ದೀಪ, ಕರ್ಪೂರ, ಊದಿನಕಡ್ಡಿ, ಧೂಪ ಸರ್ವಥಾ ಕೂಡದು. ಕಿಡಿಯೊಂದು ಕ್ಷಣಾರ್ಧದಲ್ಲಿ ಬೆಂಕಿಯಾಗುತ್ತದೆ. ನಾವು ಇತರ ಸಮಯದಲ್ಲಿ ಹೇಳುವ ನಸ್ಯವನ್ನು, ಅಂದರೆ ಮೂಗಿಗೆ ತುಪ್ಪ, ತೈಲ ಬಿಡುವುದನ್ನು ಈ ಹೊತ್ತಿನಲ್ಲಿ ಮಾಡಬಾರದು. ಜಿಡ್ಡು ಶ್ವಾಸಕೋಶಕ್ಕೆ ಇಳಿದರೆ ಹೊಸ ತೊಂದರೆ.

ವಿಭೂತಿಯನ್ನು ಮುಖವಾಡದ ಅಂಚಿಗೆ ತಾಗದಂತೆ, ಪುಡಿ ಉದುರದಂತೆ ತೆಳುವಾಗಿ ಹಚ್ಚಬಹುದು. ಹೆಲ್ಮೆಟ್ ತೊಡಿಸುವಾಗ ಕೊರಳಿನ ಶಿವದಾರವು ಪಟ್ಟಿಯಡಿ ಸಿಲುಕದಂತೆ ಇಷ್ಟಲಿಂಗವನ್ನು ತೋಳಿಗೋ ಕೈಗೋ ಕಟ್ಟಿಕೊಡಲು ದಾದಿಯರನ್ನು ವಿನಯದಿಂದ ಕೇಳಿರಿ. ಉದ್ದ ಗಡ್ಡವಿದ್ದರೆ ಮುಖವಾಡ ಬಿಗಿಯಾಗಿ ಕೂರದು, ಗಾಳಿ ಸೋರುತ್ತದೆ. ವ್ರತದ ಗಡ್ಡವಾದರೂ ಪ್ರಾಣರಕ್ಷಣೆಗಾಗಿ ತೆಗೆಸಲು ಹಿಂಜರಿಯಬಾರದೆಂಬುದು ನಮ್ಮ ವಿನಂತಿ.

ಮನೆಯಿಂದ ಹೊರಡುವ ಹೊತ್ತು

ಜ್ವರ, ಕೆಮ್ಮು ಇರುವವರು ಉಸಿರನ್ನು ಎಣಿಸಿಕೊಳ್ಳಬೇಕು. ಒಂದು ನಿಮಿಷ ಎದೆ ಏರಿಳಿಯುವುದನ್ನು ನೋಡಿ ಎಣಿಸಿದರೆ ಸಾಕು. ಆರೋಗ್ಯವಂತ ವಯಸ್ಕರಲ್ಲಿ ಅದು 12ರಿಂದ 20. ಕೋವಿಡ್ ಕಾಲದಲ್ಲಿ ನಮ್ಮ ದೇಶದ ಚಿಕಿತ್ಸಾಸೂತ್ರವು 24 ಮುಟ್ಟಿದರೆ ಅಥವಾ ಆಕ್ಸಿಮೀಟರ್ 90ರಿಂದ 93 ತೋರಿಸಿದರೆ ಆಸ್ಪತ್ರೆಗೆ ಸೇರಿಸಬೇಕೆಂದೂ, 30 ಮುಟ್ಟಿದರೆ ಅಥವಾ 90ಕ್ಕಿಂತ ಇಳಿದರೆ ತೀವ್ರ ಸ್ಥಿತಿಯೆಂದೂ ಹೇಳಿತ್ತು. ಇದನ್ನು ಗೋಡೆಯ ಪಂಚಾಂಗದ ಮೇಲೆ ಬರೆದಿಟ್ಟುಕೊಳ್ಳಿ. ಬೆರಳು ತಣ್ಣಗಿದ್ದರೆ, ಉಗುರಿಗೆ ಬಣ್ಣವಿದ್ದರೆ ಅಂಕಿ ತಪ್ಪಾಗಬಹುದು. ಹಳೆಯ ಶ್ವಾಸಕೋಶದ ಕಾಯಿಲೆಯವರಿಗೆ ಮಿತಿಗಳು ಬೇರೆ. ಅವರು ತಮ್ಮ ವೈದ್ಯರಿಂದ ಮೊದಲೇ ತಿಳಿದಿರಬೇಕು.

ಅಂಕಿ ಏನೇ ಇರಲಿ, ಒಂದು ವಾಕ್ಯವನ್ನು ಒಂದೇ ಉಸಿರಿಗೆ ಮುಗಿಸಲಾಗದಿದ್ದರೆ, ಕತ್ತಿನ ಸ್ನಾಯುಗಳು ಸೆಳೆಯುತ್ತಿದ್ದರೆ, ತುಟಿ ನೀಲಿಗಟ್ಟಿದರೆ, ಮಂಪರು ಅಥವಾ ಗೊಂದಲ ಕಂಡರೆ ಆ ಕ್ಷಣವೇ ಹೊರಡಬೇಕು. ಇಂತಹ ಹೊತ್ತಿನಲ್ಲಿ ಪ್ರಾಣಾಯಾಮ ಮಾಡಿಸುವುದು, ಬಿಸಿ ಹಬೆಗೆ ಮುಖವೊಡ್ಡಿಸುವುದು ಬೇಡ. 108ಕ್ಕೆ ಕರೆಮಾಡಿ, ಆಮ್ಲಜನಕವಿರುವ ವಾಹನದಲ್ಲಿ, ಒರಗಿ ಕೂತ ಭಂಗಿಯಲ್ಲಿಯೇ ಕರೆದೊಯ್ಯಿರಿ. ಪ್ರಾಣಾಯಾಮಕ್ಕೂ ನಮ್ಮ ರಸಾಯನ ಔಷಧಿಗಳಿಗೂ ಕಾಲ ಬರುತ್ತದೆ. ಅದು ರೋಗಿಯು ಮನೆಗೆ ಮರಳಿ, ನಾಲ್ಕು ಹೆಜ್ಜೆ ನಡೆದು, ಹಸಿವಾಯಿತೆಂದು ಕೇಳುವ ಕಾಲ.

ಅರವತ್ತು ದಾಟಿದವರು, ಸಕ್ಕರೆ ಕಾಯಿಲೆ, ಹೃದಯದ ತೊಂದರೆಯುಳ್ಳವರು ವೈದ್ಯರ ಸಲಹೆಯಂತೆ ಫ್ಲೂ ಲಸಿಕೆಯನ್ನು ವರ್ಷಕ್ಕೊಮ್ಮೆ ಹಾಕಿಸಿಕೊಳ್ಳುವುದು ಒಳಿತು. ಏಣಿಯ ಮೆಟ್ಟಿಲುಗಳನ್ನು ತಿಳಿದಿರುವುದು ಒಳ್ಳೆಯದು; ಅದನ್ನು ಹತ್ತುವ ಪ್ರಸಂಗವೇ ಬಾರದಿರುವುದು ಇನ್ನೂ ಒಳ್ಳೆಯದು. ಎಲ್ಲರ ಉಸಿರೂ ಸರಾಗವಾಗಿರಲಿ ಎಂದು ಹಾರೈಸುತ್ತೇವೆ. ಶರಣು ಶರಣಾರ್ಥಿ.